ತನ್ನವರನ್ನು ಪ್ರೀತಿಸಿದವನ ನೆನಪು



ನವೆಂಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಸಮಾಧಿಭೂಮಿಗಳಲ್ಲಿ ಹುಲ್ಲು ಕೀಳುವ, ಶಿಲುಬೆಗಳಿಗೆ ಸುಣ್ಣ ಬಳಿಯುವ ಕೆಲಸ ಮೊದಲಾಗುತ್ತದೆ. 2ನೆಯ ತಾರೀಖು ಮೇಣದ ಬತ್ತಿ ಹಚ್ಚಿ ಮೌನವಾಗಿ ನಿಲ್ಲುತ್ತೇವೆ. ಹಾಗೆ ನಿಂತಾಗ, ಆ ಮಣ್ಣಿನಲ್ಲಿ ಮಲಗಿದವರ ಕುರಿತು ಶವಸಂಸ್ಕಾರದ ದಿನ ನಾವೇ ಆಡಿದ ಮಾತುಗಳು ನೆನಪಾಗುವುದುಂಟು. ಒಳ್ಳೆಯ ಪತಿ, ಮಕ್ಕಳನ್ನು ಕಣ್ಣರೆಪ್ಪೆಯಂತೆ ಕಾಪಾಡಿದ ತಂದೆ, ಕಾನೂನು ಬಲ್ಲವರು, ಆಟವೆಂದರೆ ಪ್ರಾಣ ಬಿಡುತ್ತಿದ್ದವರು, ಸಮಾಜಕ್ಕಾಗಿ ದುಡಿದವರು. ಒಂದೇ ಉಸಿರಿನಲ್ಲಿ ಹೇಳಿಬಿಡುವ ಈ ಗುಣಗಳೆಲ್ಲ ಒಂದೇ ಜಾತಿಯವೇ? ಒಂದೇ ಎದೆಯಲ್ಲಿ ಅವು ಜಗಳವಾಡದೆ ಬಾಳುತ್ತವೆಯೇ?

ನ್ಯಾಯಾಲಯ ಹಾಗೂ ಆಟದ ಅಂಗಳಗಳೆರಡೂ ಒಂದು ವಿಷಯದಲ್ಲಿ ನೆಂಟರು: ಅಲ್ಲಿ ನೀನು ಯಾರ ಮಗನೆಂದು ಕೇಳಬಾರದು. ಕುಸ್ತಿಯ ಮಟ್ಟಿಗಿಳಿದ ಮೇಲೆ ಗೌಡರ ಮಗನ ಬೆನ್ನಾದರೂ ಆಳಿನ ಮಗನ ಬೆನ್ನಾದರೂ ನೆಲ ಮುಟ್ಟಿದರೆ ಸೋಲೇ. ಮನೆಯ ರೀತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಮೊದಲ ಪ್ರಶ್ನೆಯೇ ಯಾರ ಮಗ ಎಂಬುದು. ಕುಂಟುವ ಮಗುವಿಗೆ ತಾಯಿ ಹೆಚ್ಚು ಬಡಿಸುತ್ತಾಳೆ. ಅದನ್ನು ಯಾರೂ ಪಕ್ಷಪಾತವೆನ್ನುವುದಿಲ್ಲ. ಹಾಗಾದರೆ ಮನೆಯನ್ನೂ ನ್ಯಾಯವನ್ನೂ ಸಮನಾಗಿ ಪ್ರೀತಿಸಿದವನ ಪಾಡೇನು?

ನಮ್ಮ ಸೀಮೆಯವರೇ ಆದ ಒಬ್ಬರ ಬಾಳು ಈ ಪ್ರಶ್ನೆಗೆ ಕನ್ನಡಿ ಹಿಡಿಯುತ್ತದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಯೌವನದಲ್ಲಿ ಗರಡಿಯಲ್ಲಿ ಪಳಗಿದ ಪೈಲ್ವಾನರು. ಬೆಂಗಳೂರಿನಲ್ಲಿ ಪದವಿ ಪಡೆದೂ ಊರಿಗೆ ಮರಳಿ ಬೇಸಾಯಕ್ಕೆ ಕೈಹಚ್ಚಿದರು. ಪತ್ನಿ ಚಿಕ್ಕಮ್ಮಣ್ಣಿಯವರು, ಮೂವರು ಹೆಣ್ಣುಮಕ್ಕಳು. ಅವರು ವಕೀಲರಲ್ಲ. ಆದರೆ 1972ರಲ್ಲಿ ಮುಖ್ಯಮಂತ್ರಿಯಾದ ಮೇಲೆ, ಬಡವನ ಪರವಾಗಿ ಕಾನೂನನ್ನು ಅವರಷ್ಟು ಬಲವಾಗಿ ಬಳಸಿದವರು ಈ ನಾಡಿನಲ್ಲಿ ವಿರಳವೆಂದೇ ನನ್ನ ಎಣಿಕೆ.

ಭೂಸುಧಾರಣಾ ಕಾಯ್ದೆ 1961ರಷ್ಟು ಹಿಂದೆಯೇ ಬಂದಿತ್ತು. ಅದಕ್ಕೆ ಹಲ್ಲು ಮೂಡಿಸಿದ್ದು 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿ. ಅಂದಿನಿಂದ ಗೇಣಿ ಜಮೀನು ಸರ್ಕಾರದ ವಶವಾಯಿತು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿ ಒಡೆತನ ಕೇಳಬಹುದಾಯಿತು. ಅರ್ಜಿಯನ್ನು ತೀರ್ಮಾನಿಸಲು ಭೂ ನ್ಯಾಯಮಂಡಳಿ: ಉಪವಿಭಾಗಾಧಿಕಾರಿಯೇ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವ ಅಂಶ ಇನ್ನೊಂದಿದೆ. ಆ ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಒಡೆಯನಿಗೆ ಮೈಸೂರಿನಿಂದ ದೊಡ್ಡ ವಕೀಲರನ್ನು ಕರೆಸುವ ಶಕ್ತಿಯಿತ್ತು. ಗೇಣಿದಾರನಿಗೆ ಇದ್ದದ್ದು ಅಕ್ಕಪಕ್ಕದ ಹೊಲದವರ ಸಾಕ್ಷಿಯೊಂದೇ. ಇಬ್ಬರನ್ನೂ ಒಂದೇ ಮಣ್ಣಿನ ಮೇಲೆ ಬರಿಗೈಯಲ್ಲಿ ನಿಲ್ಲಿಸಿದ ಏರ್ಪಾಟು ಅದು. ಗರಡಿಯ ಮಣ್ಣು ಮೈಗೆ ಹತ್ತಿದವರಿಗೆ ಅದು ಸಹಜವಾಗಿಯೇ ತೋರಿದ್ದೀತು. ವಕೀಲ ಓದುಗರಿಗೆ ಇದು ರುಚಿಸದಿರಬಹುದು. ನ್ಯಾಯವಾದಿಯ ನೆರವಿಲ್ಲದ ವಿಚಾರಣೆಯಲ್ಲಿ ತಪ್ಪುಗಳಾಗುತ್ತವೆ, ಆದವು ಕೂಡ. ಹಲವು ತೀರ್ಪುಗಳು ಹೈಕೋರ್ಟಿನ ಮೆಟ್ಟಿಲೇರಿದವು.

ಈ ಕಾನೂನಿನಿಂದ ಹೆಚ್ಚು ಫಲ ಪಡೆದದ್ದು ಗೇಣಿ ಪದ್ಧತಿ ದಟ್ಟವಾಗಿದ್ದ ಕರಾವಳಿ. ಅಲ್ಲಿ ನಮ್ಮ ಧರ್ಮಸಭೆಯ ಮಕ್ಕಳೇ ಒಡೆಯರಾಗಿಯೂ ಗೇಣಿದಾರರಾಗಿಯೂ ಇದ್ದರು. ಭೂಮಿ ಕಳೆದುಕೊಂಡವರೂ ಪಡೆದವರೂ ಒಂದೇ ಬಲಿಪೂಜೆಯಲ್ಲಿ ಅಕ್ಕಪಕ್ಕ ಮಂಡಿಯೂರಿದ ಆ ವರ್ಷಗಳ ಭಾನುವಾರಗಳನ್ನು ಸುಮ್ಮನೆ ಊಹಿಸಿಕೊಳ್ಳಿ. ಇತ್ತ ಹೆಗ್ಗಡದೇವನಕೋಟೆಯ ಕಾಡಂಚಿನ ಜೇನುಕುರುಬರಿಗೆ ಈ ಕಾಯ್ದೆಯಿಂದ ಸಿಕ್ಕಿದ್ದು ಅತ್ಯಲ್ಪ. ಉಳುವವನಿಗೆ ಭೂಮಿ ಕೊಡುವ ಶಾಸನವು ಜೇನು ಕೀಳುವವನನ್ನು, ಗೆಡ್ಡೆ ಅಗೆಯುವವನನ್ನು ಗುರುತಿಸುವುದಾದರೂ ಹೇಗೆ? ಕಾಡಿನ ಮೇಲಿನ ಹಕ್ಕನ್ನು ಒಪ್ಪುವ ಕಾಯ್ದೆಗಾಗಿ ಅವರು 2006ರವರೆಗೆ ಕಾಯಬೇಕಾಯಿತು.

ಈಗ ಇನ್ನೊಂದು ಮುಖ. 1977ರಲ್ಲಿ ಕೇಂದ್ರ ಸರ್ಕಾರವು ಅರಸರ ಮೇಲಿನ ಆರೋಪಗಳ ವಿಚಾರಣೆಗೆ ನ್ಯಾಯಮೂರ್ತಿ ಗ್ರೋವರ್ ಆಯೋಗವನ್ನು ನೇಮಿಸಿತು. ಕೇಂದ್ರಕ್ಕೆ ಆ ಅಧಿಕಾರವಿಲ್ಲವೆಂದು ರಾಜ್ಯವು ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ತೀರ್ಪು ಕೇಂದ್ರದ ಪರವಾಗಿ ಬಂತು. ಆರೋಪಗಳಲ್ಲೊಂದು, ತಮ್ಮ ಸಹೋದರ ಕೆಂಪರಾಜ ಅರಸರನ್ನು ರಾಜ್ಯದ ಚಲನಚಿತ್ರ ನಿಗಮದ ಹೊಣೆಗೆ ನೇಮಿಸಿದರೆಂಬುದು. ಕೆಂಪರಾಜರು ನಟರು, ಚಿತ್ರರಂಗವನ್ನು ಹತ್ತಿರದಿಂದ ಬಲ್ಲವರು, ಅರ್ಹತೆಯಿಲ್ಲದವರೆಂದು ಹೇಳಲಾಗದು. ಆದರೂ ಪ್ರಶ್ನೆ ಉಳಿಯುತ್ತದೆ. ಒಡೆಯನಿಗೂ ಗೇಣಿದಾರನಿಗೂ ಸಮಾನ ಮಣ್ಣು ಹಾಸಿದವರು ಒಡಹುಟ್ಟಿದವರ ವಿಷಯದಲ್ಲಿ ಆ ಮಣ್ಣನ್ನು ಮರೆತರೇ? ತುರ್ತುಪರಿಸ್ಥಿತಿಯ ಕಾಲದಲ್ಲಿ ಅವರು ಅಧಿಕಾರದಲ್ಲಿದ್ದರೆಂಬುದನ್ನೂ ಬಚ್ಚಿಡಲಾಗದು. 1978ರಲ್ಲಿ ಜನರೇನೋ ಅವರನ್ನೇ ಮತ್ತೆ ಆರಿಸಿದರು. ಜನರ ಪ್ರೀತಿ ಒಂದು ತೀರ್ಪು, ಆಯೋಗದ ವರದಿ ಇನ್ನೊಂದು; ಒಂದು ಮತ್ತೊಂದನ್ನು ಅಳಿಸುವುದಿಲ್ಲ.

ಹೀಗೆ ಬರೆದರೆ, ಸತ್ತವರ ಬಗ್ಗೆ ಕೆಟ್ಟದ್ದನ್ನೇಕೆ ಆಡುವಿರಿ ಎಂದು ಕೆಲವರು ಮುಖ ಗಂಟಿಕ್ಕಿಯಾರು. ಪವಿತ್ರ ಗ್ರಂಥದ ರೀತಿ ಹಾಗಿಲ್ಲ. ದಾವೀದ ಅರಸ ದೇವರಿಗೆ ಪ್ರಿಯನೆಂದು ಹೇಳುವ ಗ್ರಂಥವೇ ಊರಿಯನ ಕೊಲೆಯನ್ನೂ, ಪ್ರವಾದಿ ನಾತಾನನು ಆ ಅರಸನೆದುರು ನಿಂತು ಬೆರಳು ತೋರಿಸಿದ್ದನ್ನೂ ಮುಚ್ಚಿಡದೆ ಬರೆದಿದೆ. ನಮ್ಮ ಪ್ರಾರ್ಥನೆಯನ್ನೇ ನೋಡಿ. ಮೃತರಿಗಾಗಿ ಬಲಿಪೂಜೆ ಮಾಡಿಸುವುದರ ಅರ್ಥವೇನು? ಅವರಲ್ಲಿ ಕುಂದುಗಳಿದ್ದವು, ಅವರಿಗೆ ದೇವರ ಕರುಣೆ ಬೇಕು ಎಂದಲ್ಲವೇ? ತಪ್ಪೇ ಇಲ್ಲದವನೆಂದು ಶ್ರದ್ಧಾಂಜಲಿಯಲ್ಲಿ ಸಾರಿ, ಮರುಗಳಿಗೆಯಲ್ಲಿ ಅವನ ಪಾಪಕ್ಷಮೆಗಾಗಿ ಬೇಡುವ ನಾವು, ಎರಡರಲ್ಲಿ ಒಂದನ್ನು ಬರಿಯ ಬಾಯಿಮಾತಾಗಿ ಆಡುತ್ತಿದ್ದೇವೆ.

ಯೇಸುಸ್ವಾಮಿ ಬೋಧಿಸುತ್ತಿದ್ದಾಗ ತಾಯಿಯೂ ಸಹೋದರರೂ ಹೊರಗೆ ಬಂದು ನಿಂತ ಪ್ರಸಂಗ ನಿಮಗೆ ತಿಳಿದೇ ಇದೆ. ಸುತ್ತ ಕುಳಿತವರನ್ನು ನೋಡಿ, ದೇವರ ಚಿತ್ತವನ್ನು ನಡೆಸುವವರೇ ತನ್ನ ಮನೆಯವರೆಂದರು. ಆ ಮಾತು ಕಠಿಣವಾಗಿ ಕೇಳಿಸುತ್ತದೆ. ಆದರೆ ಶಿಲುಬೆಯ ಮೇಲಿಂದ ತಾಯಿಯನ್ನು ಶಿಷ್ಯನ ಮನೆಗೆ ಒಪ್ಪಿಸಿದವರೂ ಅವರೇ. ಮನೆಯನ್ನು ಅವರು ತೊರೆಯಲಿಲ್ಲ. ಹೊಸ್ತಿಲನ್ನು ಆಚೆಗೆ ಸರಿಸಿದರು. ತನ್ನ ಮಗುವಿನ ಹಸಿವನ್ನು ಬಲ್ಲವನಿಗೆ ಮಾತ್ರ ನೆರೆಯ ಮಗುವಿನ ಹಸಿವು ಅರ್ಥವಾದೀತು. ಆ ಅರಿವು ಹೊಸ್ತಿಲಲ್ಲೇ ನಿಂತುಬಿಟ್ಟರೆ, ಅದೇ ಪ್ರೀತಿ ಊರಿನ ಸ್ವತ್ತನ್ನು ಮನೆಗೆ ಹೊರುವ ಕೈಯಾಗಲೂಬಹುದು. ಕುಟುಂಬವತ್ಸಲನೆಂದು ಒಬ್ಬನನ್ನು ಹೊಗಳುವಾಗ ಈ ಎರಡರಲ್ಲಿ ಯಾವುದು ನಡೆಯಿತೆಂದು ನಾವು ಕೇಳುವುದೇ ಅಪರೂಪ.

ಅರಸರು ತೀರಿಕೊಂಡದ್ದು 1982ರ ಜೂನ್ 6ರಂದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳನ್ನು ಸೇರಿಸಿ ಅವರ ಹೆಸರಿನಲ್ಲಿ ಹೊಸ ಜಿಲ್ಲೆ ಮಾಡಬೇಕೆಂಬ ಬೇಡಿಕೆಯನ್ನು 2019ರಲ್ಲಿ ಎಚ್. ವಿಶ್ವನಾಥ್ ಮುಂದಿಟ್ಟರು. ಹೆಸರಿಡುವುದು ತಪ್ಪಲ್ಲ. ಆದರೆ ಜಿಲ್ಲೆಗೆ ಹೆಸರಿಡುವುದಕ್ಕಿಂತ, ನಮ್ಮ ಮನೆಗಳಲ್ಲಿ ವರ್ಷದ ಪೂಜೆಯ ದಿನ ನಡೆಯುವ ಊಟವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಬಲಿಪೂಜೆ ಮುಗಿಸಿ ಬಂದು ಎಲೆ ಹಾಕುತ್ತೇವೆ. ಭಾವಮೈದುನರು, ಬೀಗರು, ದೂರದ ಊರಿನಿಂದ ಬಂದ ಮೊಮ್ಮಕ್ಕಳು ಸಾಲಾಗಿ ಕೂರುತ್ತಾರೆ. ಆ ಮನೆಯ ಯಜಮಾನರು ಶುಲ್ಕ ಪಡೆಯದೆ ಅರ್ಜಿ ಬರೆದುಕೊಟ್ಟ ವಿಧವೆಯೊಬ್ಬಳು ಅದೇ ಊರಿನಲ್ಲಿರುತ್ತಾಳೆ. ಅವರಿಂದ ಆಟ ಕಲಿತ ಹುಡುಗನೊಬ್ಬ ಈಗ ಬಸ್ ನಿಲ್ದಾಣದ ಬಳಿ ಆಟೋ ಓಡಿಸುತ್ತಿರುತ್ತಾನೆ. ಅವರಿಬ್ಬರಿಗೂ ಯಾರಾದರೂ ಹೇಳಿಕಳುಹಿಸಿದ್ದರೇ?