ಒಬ್ಬರೇ ಬಂದಿರಾ?

ಮೋಟಾರ್‌ಸೈಕಲ್ಲಿನಲ್ಲಿ ಒಬ್ಬರೇ ದೂರ ಹೋಗಿಬರುವವರನ್ನು, ಅದರಲ್ಲೇನು ಸುಖ ಎಂದು ಕೇಳಿದರೆ ಬಹುಪಾಲು ಮಂದಿ ಥಟ್ಟನೆ ಸ್ವಾತಂತ್ರ್ಯ ಎನ್ನುತ್ತಾರೆ. ಬೈಕು ಮಾರುವ ಜಾಹೀರಾತುಗಳು ತೋರಿಸುವುದೂ ಅದನ್ನೇ: ಖಾಲಿ ರಸ್ತೆ, ಬೆಟ್ಟ, ಒಬ್ಬ ಸವಾರ. ವರ್ಷಗಳಿಂದ ಒಂಟಿ ಸವಾರಿಯ ರುಚಿ ಹತ್ತಿರುವ ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಬೇಕೆಂದಾಗ ಹೊರಡುವುದು, ಬೇಕೆಂದಲ್ಲಿ ನಿಲ್ಲುವುದು ಕಾರಿನಲ್ಲೂ ಆಗುತ್ತದೆ, ಅದೂ ಮಳೆಗೆ ನೆನೆಯದೆ. ಬೈಕಿನವನಿಗೆ ದಕ್ಕುವುದು ಬೇರೆ. ಅದು ಬಿಡುಗಡೆಗಿಂತ ಕಟ್ಟುಪಾಡಿಗೆ ಹತ್ತಿರದ್ದು.

ಮಳೆಗಾಲದಲ್ಲಿ ಉಜಿರೆ ದಾಟಿ, ಚಾರ್ಮಾಡಿಯಿಂದ ಕೊಟ್ಟಿಗೆಹಾರಕ್ಕೆ ಘಾಟಿ ಹತ್ತುವ ಸವಾರನನ್ನು ಗಮನಿಸಿ. 2019ರ ಆಗಸ್ಟಿನಲ್ಲಿ ಗುಡ್ಡ ಜರಿದು ಸಂಚಾರವೇ ನಿಂತುಹೋಗಿದ್ದ ದಾರಿ ಅದು. ತಿರುವಿನ ಒಳಮಗ್ಗುಲಲ್ಲಿ ನೀರು ತಂದು ಹಾಕಿದ ಮಣ್ಣು, ಜಲ್ಲಿ. ಎದುರಿಗೆ ಇಡೀ ತಿರುವನ್ನು ತುಂಬಿಕೊಂಡು ಇಳಿಯುವ ಬಸ್ಸು. ಬಲಗೈ ಮುಂಬ್ರೇಕಿಗೆ, ಎಡಗೈ ಕ್ಲಚ್ಚಿಗೆ, ಒಂದು ಕಾಲು ಗೇರಿಗೆ, ಇನ್ನೊಂದು ಹಿಂಬ್ರೇಕಿಗೆ. ವೇಗದಲ್ಲಿರುವಾಗ ಬಲಕ್ಕೆ ಹೊರಳಬೇಕಾದರೆ ಹ್ಯಾಂಡಲಿನ ಬಲತುದಿಯನ್ನೇ ಮುಂದಕ್ಕೆ ಒತ್ತಬೇಕು. ಮುಂದಿನ ಚಕ್ರ ಒಂದು ಕ್ಷಣ ಎಡಕ್ಕೆ ಸರಿದು, ಗಾಡಿ ಬಲಕ್ಕೆ ವಾಲುತ್ತದೆ. ಬುದ್ಧಿಗೆ ತಲೆಕೆಳಗೆನಿಸುವ ಈ ಲೆಕ್ಕ ಮೈಗೆ ತಾನಾಗಿ ಗೊತ್ತಿರುತ್ತದೆ. ಇನ್ನೊಂದು ನಿಯಮವಂತೂ ಎಲ್ಲ ಸವಾರರಿಗೂ ತಿಳಿದದ್ದು: ಕಣ್ಣು ಹೋದ ಕಡೆಗೆ ಗಾಡಿ ಹೋಗುತ್ತದೆ. ಗುಂಡಿ ತಪ್ಪಿಸಬೇಕೆಂದು ಗುಂಡಿಯನ್ನೇ ದಿಟ್ಟಿಸಿದವನು ನೇರ ಅದರೊಳಕ್ಕೇ ಇಳಿಯುತ್ತಾನೆ. ಭಯಪಡಿಸುವುದನ್ನು ಬಿಟ್ಟು ಹೋಗಬೇಕಾದ ದಾರಿಯನ್ನು ನೋಡಬೇಕು.

ಇಷ್ಟೊಂದು ಬಿಗಿ ಇರುವಲ್ಲಿ ಸುಖ ಹುಟ್ಟುವುದು ಹೇಗೆ? ಉಳಿದ ಹೊತ್ತಿನಲ್ಲಿ ನಮ್ಮ ಮನಸ್ಸು ಹರಿದು ಹಂಚಿಹೋಗಿರುತ್ತದೆ. ತೀರಿಸಬೇಕಾದ ಸಾಲ, ನಿನ್ನೆ ಯಾರೋ ಆಡಿದ ಮಾತು, ನಾಳೆ ಕಚೇರಿಯಲ್ಲಿ ಕೊಡಬೇಕಾದ ಉತ್ತರ ಎಲ್ಲಕ್ಕೂ ಅದರಲ್ಲಿ ಪಾಲಿದೆ. ಧ್ಯಾನಕ್ಕೆ ಕೂತವನು ಚದುರಿದ ಆ ಮನಸ್ಸನ್ನು ತಾನೇ ಎಳೆದು ತರಬೇಕು. ಘಾಟಿಯಲ್ಲಿ ಆ ಕೆಲಸವನ್ನು ರಸ್ತೆ ಮಾಡುತ್ತದೆ. ಅಲ್ಲಿ ಸವಾರ ಇಡಿಯಾಗಿರುತ್ತಾನೆ. ಈ ಇಡಿತನವೇ ಸುಖ ಎಂಬುದು ನನ್ನ ವಾದ.

ಆದರೆ ಇಂಥ ತನ್ಮಯತೆ ಸಿತಾರ್ ನುಡಿಸುವವರಿಗೂ ಇದೆ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೂ ಇದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡವನಿಗೂ ಇರಬೇಕಲ್ಲ, ಒಂಟಿತನದ ಹೆಚ್ಚುಗಾರಿಕೆ ಏನು? ಲೇಖಕ ರಾಬರ್ಟ್ ಪಿರ್ಸಿಗ್ ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆ. ಮೋಟಾರ್‌ಸೈಕಲ್ಲನ್ನು ತತ್ತ್ವಚಿಂತನೆಗೆ ತಂದ, 1974ರಲ್ಲಿ ಪ್ರಕಟವಾದ ಅವರ ಪುಸ್ತಕದ ಪ್ರಯಾಣ ಒಂಟಿ ಸವಾರಿಯಲ್ಲ. ಹಿಂದಿನ ಸೀಟಿನಲ್ಲಿ ಮಗ ಇದ್ದ. ಗಾಳಿಯ ಸದ್ದಿನಲ್ಲಿ ಮಾತು ಸಾಗದೆ, ತಂದೆ ತನ್ನ ತಲೆಯೊಳಗೇ ದೀರ್ಘ ಚಿಂತನೆ ನಡೆಸುತ್ತಾ ಹೋಗುತ್ತಾನೆ. ಹಾಗಿದ್ದರೂ ಆ ಪುಸ್ತಕದ ನೋವೆಲ್ಲ ಇರುವುದು ಬೆನ್ನ ಹಿಂದಿನ ಆ ಹುಡುಗನಲ್ಲಿ. ಹಿಂದೆ ಕೂತವರು ಸುಮ್ಮನಿದ್ದರೂ ಸವಾರನ ಮನಸ್ಸಿನಲ್ಲಿ ಕೂತಿರುತ್ತಾರೆ. ಬ್ರೇಕು ಬೇಗ ಹಿಡಿಯಬೇಕು, ವಾಲುವುದು ಮೆಲ್ಲಗಾಗಬೇಕು, ಅವರಿಗೆ ಸೊಂಟ ನೋಯುವ ಮೊದಲೇ ನಿಲ್ಲಿಸಬೇಕು. ಅದು ಪ್ರೀತಿಯ ಕೆಲಸ, ಅದಕ್ಕೂ ಸುಖವಿದೆ. ಆದರೆ ಅಲ್ಲಿ ನಾವು ಆತಿಥ್ಯದಲ್ಲಿ ತೊಡಗಿರುತ್ತೇವೆ.

ಒಬ್ಬರೇ ಹೋದಾಗ ಅನುಭವ ಮಾತಾಗುವ ಅವಸರಕ್ಕೆ ಬೀಳುವುದಿಲ್ಲ. ಬೇಸಿಗೆಯಲ್ಲಿ ಹೂಮಳೆ ಬಿದ್ದ ಮೇಲೆ ಬಣಕಲ್, ಮೂಡಿಗೆರೆಯ ಕಡೆ ಕಾಫಿ ತೋಟಗಳೆಲ್ಲ ಒಟ್ಟಿಗೇ ಬೆಳ್ಳಗೆ ಅರಳುತ್ತವೆ. ಹೆಲ್ಮೆಟ್ಟಿನ ಗಾಜು ತುಸು ಎತ್ತಿದರೆ ಆ ಪರಿಮಳ ಒಳಗೆ ನುಗ್ಗುತ್ತದೆ. ಮುಂದಿನ ಇಳಿಜಾರಿನಲ್ಲಿ ಹಳ್ಳದ ತಂಪು ಮೊಣಕಾಲಿಗೆ ತಾಗುತ್ತದೆ. ಆಹಾ ಎನ್ನಲು ಪಕ್ಕದಲ್ಲಿ ಯಾರೂ ಇಲ್ಲ. ಹೇಳಿ ಮುಗಿಸದ ಆ ಸಂತೋಷ ಹೇಳಿದ್ದಕ್ಕಿಂತ ಹೆಚ್ಚು ಕಾಲ ಒಳಗೆ ಉಳಿಯುವುದನ್ನು ನಾನು ಬಲ್ಲೆ. ಆದ್ದರಿಂದಲೇ, ಹೆಲ್ಮೆಟ್ಟಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ದಾರಿಯುದ್ದಕ್ಕೂ ವೀಕ್ಷಕರ ಜೊತೆ ಮಾತಾಡುತ್ತಾ ಹೋಗುವುದನ್ನು ಒಂಟಿ ಸವಾರಿ ಎನ್ನಲು ನನಗೆ ಮನಸ್ಸು ಬಾರದು. ಆ ಸವಾರನ ಹಿಂದಿನ ಸೀಟಿನಲ್ಲಿ ಒಂದು ಊರೇ ಕೂತಿರುತ್ತದೆ.

ಹೊಣೆಯೂ ಹಾಗೆಯೇ ಪೂರ್ತಿ ನಮ್ಮದಾಗುತ್ತದೆ. ದಾರಿ ತಪ್ಪಿದರೆ ದೂರಲು ಯಾರಿಲ್ಲ, ಚೈನು ಸಡಿಲಾಗಿದ್ದರೆ ಬಿಗಿ ಮಾಡುವವರೂ ನಾವೇ. ನಿರ್ಧಾರ ಮಾಡುವವರು ಒಬ್ಬರು, ಫಲ ಉಣ್ಣುವವರು ಇನ್ನೊಬ್ಬರು ಎಂಬಂತೆ ನಡೆಯುವ ಈ ಕಾಲದ ಬದುಕಿನಲ್ಲಿ ಎರಡೂ ಒಂದೇ ಮೈಯಲ್ಲಿ ಸೇರುವುದು ಅಪರೂಪ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಫಲ ನಿಜಕ್ಕೂ ಸವಾರನೊಬ್ಬನದೇ? ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸಾಯುವವರಲ್ಲಿ ದ್ವಿಚಕ್ರ ವಾಹನದವರೇ ಎಲ್ಲರಿಗಿಂತ ಹೆಚ್ಚು. ಬಾಗಿಲು ಕಾಯುತ್ತಿರುವ ತಾಯಿಯ ಪಾಲಿಗೆ ಈ ಒಂಟಿತನ ಬರೀ ಸ್ವಾರ್ಥವಾಗಿ ಕಂಡರೆ ಅದು ತಪ್ಪಲ್ಲ. ಬ್ರಿಟಿಷ್ ಸೈನಿಕ, ಲೇಖಕ ಟಿ. ಇ. ಲಾರೆನ್ಸ್ ಒಂಟಿ ಸವಾರಿಯನ್ನು ಹುಚ್ಚಿನಂತೆ ಪ್ರೀತಿಸಿದವನು. 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ, ತನ್ನ ಬ್ರೋ ಸುಪೀರಿಯರ್ ಬೈಕಿನಲ್ಲಿ ಬರುತ್ತಿದ್ದಾಗ ದಾರಿಯಲ್ಲಿದ್ದ ಇಬ್ಬರು ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಗೆ ರಕ್ಷಣೆ ಇರಲಿಲ್ಲ. ಆರು ದಿನಗಳ ನಂತರ ತೀರಿಕೊಂಡ. ಅವನನ್ನು ನೋಡಿದ್ದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಮುಂದೆ ಸೇನೆಯ ಮೋಟಾರ್‌ಸೈಕಲ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿದರು. ಹೆಲ್ಮೆಟ್ಟು ಜೀವ ಉಳಿಸುತ್ತದೆ ಎಂಬುದಕ್ಕೆ ಆಧಾರ ಒದಗಿಸಿದ ಮೊದಲಿಗರಲ್ಲಿ ಅವರೊಬ್ಬರು. ನಮ್ಮನ್ನು ಲೋಕದಿಂದ ಬೇರೆ ಮಾಡಿ ಏಕಾಂತ ಕೊಡುವ ಹೆಲ್ಮೆಟ್ಟಿನ ಹಿಂದೆ ಇನ್ನೊಬ್ಬ ಒಂಟಿ ಸವಾರನ ಸಾವಿದೆ, ಒಬ್ಬ ವೈದ್ಯನ ಕಾಳಜಿಯಿದೆ. ರಾತ್ರಿ ತೆರೆದಿರುವ ಪಂಕ್ಚರ್ ಅಂಗಡಿ, ಜರಿದ ಗುಡ್ಡವನ್ನು ತೆಗೆದು ದಾರಿ ಮಾಡಿದ ಕೂಲಿಗಳು ಇಲ್ಲದೆ ನಮ್ಮ ಏಕಾಂತ ಒಂದು ಮೈಲಿಯೂ ಸಾಗದು. ಆದ್ದರಿಂದ ಆ ತಾಯಿಗೆ ಸವಾರ ಕೊಡಬಹುದಾದ ಉತ್ತರ ಎಚ್ಚರ ಮಾತ್ರ. ಎಚ್ಚರ ತಪ್ಪಿದ ವೇಗಕ್ಕೂ ನಾನು ಹೇಳುತ್ತಿರುವ ಸುಖಕ್ಕೂ ಸಂಬಂಧವಿಲ್ಲ.

ಒಂಟಿ ಸವಾರನನ್ನು ಜನ ಮಾತಾಡಿಸುವಷ್ಟು ಗುಂಪಿನವರನ್ನು ಮಾತಾಡಿಸುವುದಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಕೂತರೆ ಪಕ್ಕದವರು ಕೇಳುತ್ತಾರೆ: “ಎಲ್ಲಿಂದ ಬಂದ್ರಿ? ಒಬ್ರೇ ಬಂದ್ರಾ?” ಗಂಡಸಿಗೆ ಇದು ಸ್ನೇಹದ ಬಾಗಿಲು. ಇದೇ ಮಾತು ಒಬ್ಬ ಹೆಣ್ಣುಮಗಳ ಕಿವಿಗೆ ಹೇಗೆ ಬೀಳುತ್ತದೆ ಎಂದು ಯೋಚಿಸಿ. ಅವಳಿಗೆ ಅದು ತನಿಖೆ, ಕೆಲವೊಮ್ಮೆ ಬೆದರಿಕೆ. ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಬೆಸ್ಸಿ ಸ್ಟ್ರಿಂಗ್‌ಫೀಲ್ಡ್ ಎಂಬ ಕಪ್ಪು ಹೆಣ್ಣುಮಗಳು ಒಬ್ಬಳೇ ಅಮೆರಿಕವನ್ನು ಸುತ್ತಿದಳು. ಬಣ್ಣದ ಕಾರಣಕ್ಕೆ ತಂಗಲು ಕೋಣೆ ಸಿಗದ ರಾತ್ರಿಗಳಲ್ಲಿ ಪೆಟ್ರೋಲ್ ಬಂಕುಗಳಲ್ಲಿ ಬೈಕಿನ ಮೇಲೆಯೇ ಮಲಗಿದ್ದಾಗಿ ಹೇಳಿಕೊಂಡಿದ್ದಳು. ಇಡಿಯಾಗುವ ಸುಖಕ್ಕೆ ಅವಳು ತೆತ್ತ ಬೆಲೆಯನ್ನು ಯಾವ ಬಿಳಿಯ ಗಂಡಸಿನಿಂದಲೂ ಯಾರೂ ಕೇಳಲಿಲ್ಲ.

ಹೆಂಗಸರು ನಮ್ಮ ಊರುಗಳಲ್ಲಿ ಸ್ಕೂಟರಿನಲ್ಲಿ ಶಾಲೆಗೆ, ಸಂತೆಗೆ, ಕಚೇರಿಗೆ ದಿನವೂ ಓಡಾಡುತ್ತಾರೆ. ಆ ಓಡಾಟವೆಲ್ಲ ಒಂದಿಲ್ಲೊಂದು ಕೆಲಸಕ್ಕೆ. ಕೆಲಸವಿಲ್ಲದೆ, ಸುಮ್ಮನೆ, ಬೆಟ್ಟ ನೋಡಲು ಹೊರಟರೆ ಮಾತ್ರ ಕಾರಣ ಕೇಳಲಾಗುತ್ತದೆ. ಒಂಟಿ ಸವಾರಿಯ ಸುಖವನ್ನು ಹೊಗಳುವ ನಾವು ಮೊದಲು ಇದನ್ನು ನಾಚಿಕೆಯ ವಿಷಯವೆಂದು ಒಪ್ಪಬೇಕು. ಹೆದ್ದಾರಿಯ ಪ್ರತಿ ಪೆಟ್ರೋಲ್ ಬಂಕಿನಲ್ಲಿ ಬೀಗ ಹಾಕದ, ನೀರಿರುವ, ದೀಪವಿರುವ ಹೆಂಗಸರ ಶೌಚಾಲಯ ಬೇಕು. ಚಹಾದಂಗಡಿಯಲ್ಲಿ ಅವಳು ಕೂತಾಗ ಯಾರೂ ಮೊಬೈಲು ಎತ್ತಿ ಚಿತ್ರ ತೆಗೆಯಬಾರದು. ಮನೆಯಲ್ಲಿ ಮಗಳು ಬೈಕಿನ ಕೀಲಿ ಕೇಳಿದರೆ, ಮಗನಿಗೆ ಕೇಳುವ ಪ್ರಶ್ನೆಗಳನ್ನಷ್ಟೇ ಅವಳಿಗೂ ಕೇಳಿ: ಟೈರಿಗೆ ಗಾಳಿ ನೋಡಿದೆಯಾ, ಹೆಲ್ಮೆಟ್ಟು ತಗೊಂಡೆಯಾ.