ಅತಿಥಿ ಎಷ್ಟು ದಿನ ಅತಿಥಿ?

ನೀವು ಒಂದು ಊರಿಗೆ ಹೊಸದಾಗಿ ಸಂಸಾರ ಹೂಡಿದ್ದೀರಿ ಎಂದಿಟ್ಟುಕೊಳ್ಳಿ. ಮೊದಲ ವರ್ಷವೇ ನೀವು ಆ ಊರಿನ ಕೆರೆಯ ಬಗ್ಗೆ, ಚರಂಡಿಯ ಬಗ್ಗೆ ತಪ್ಪು ಹುಡುಕತೊಡಗಿದರೆ 'ನಿನ್ನೆ ಬಂದವನಿಗೆ ಇಂದೇ ಊರ ಉಸಾಬರಿಯೇ?' ಎಂದು ಯಾರಾದರೂ ಕೇಳಿಯಾರು. ಕೇಳಿದರೆ ತಪ್ಪೂ ಅಲ್ಲ. ಆದರೆ ಇಪ್ಪತ್ತು ವರ್ಷ ಕಳೆದ ಮೇಲೆ? ನಿಮ್ಮ ಮಕ್ಕಳು ಆ ಊರಿನ ಶಾಲೆಯಲ್ಲೇ ಅಕ್ಷರ ಕಲಿತು, ಅಲ್ಲಿನ ಮಾತನ್ನೇ ಆಡುತ್ತಿರುವಾಗಲೂ ನೀವು ನಿನ್ನೆ ಬಂದವರೇ?

ಈ ಪ್ರಶ್ನೆಯನ್ನು ಪರೀಕ್ಷಿಸಿ ನೋಡಲು ಜಪಾನಿನ ಹಳ್ಳಿಗಾಡಿನಲ್ಲಿ ನೆಲೆಸಿದ ವಿದೇಶೀಯರ ಬದುಕು ಒಳ್ಳೆಯ ಒರೆಗಲ್ಲು. ಅಲ್ಲಿ ವಿದೇಶೀಯನನ್ನು 'ಗಾಯ್‌ಜಿನ್' ಎನ್ನುತ್ತಾರೆ. ಆ ಪದಕ್ಕೆ ಹೊರಗಿನ ಮನುಷ್ಯ ಎಂದರ್ಥ. ಬೈಗುಳವೇನೂ ಅಲ್ಲ, ಆದರೆ ಅದನ್ನು ಕಳಚಿಡುವುದು ಸುಲಭವಲ್ಲ. ಹಳ್ಳಿಗೆ ಬಂದವನು ಮೊದಲು ಒಂದು ಟವೆಲ್ಲನ್ನೋ ಸಿಹಿತಿಂಡಿಯ ಪೊಟ್ಟಣವನ್ನೋ ಹಿಡಿದು ಅಕ್ಕಪಕ್ಕದ ಮನೆಗಳ ಬಾಗಿಲಿಗೆ ಹೋಗಿ ತನ್ನ ಪರಿಚಯ ಹೇಳಿಕೊಳ್ಳಬೇಕು. ಸುಡುವ ಕಸ, ಸುಡದ ಕಸ, ಬಾಟಲಿ, ಕಾಗದ ಎಂದು ಬೇರ್ಪಡಿಸಿ, ಆಯಾ ಕಸವನ್ನು ಅದರದೇ ದಿನದ ಬೆಳಿಗ್ಗೆ ಇಡಬೇಕು. ಊರಿನ ಸುತ್ತೋಲೆಗಳನ್ನು ಸಿಕ್ಕಿಸಿದ ಹಲಗೆಯೊಂದು ಮನೆಯಿಂದ ಮನೆಗೆ ಬರುತ್ತದೆ. ಓದಿ, ಗುರುತು ಹಾಕಿ, ಮುಂದಿನ ಮನೆಗೆ ತಲುಪಿಸಬೇಕು. ಗೊತ್ತಾದ ದಿನ ಮನೆಗೊಬ್ಬರಂತೆ ಹೊರಟು ದಾರಿಬದಿಯ ಹುಲ್ಲು ಕೊಯ್ಯಬೇಕು, ಗದ್ದೆಯ ಕಾಲುವೆ ಶುಚಿಗೊಳಿಸಬೇಕು. ಹೋಗದಿದ್ದರೆ ಯಾರೂ ಎದುರಿಗೆ ಏನೂ ಅನ್ನುವುದಿಲ್ಲ. ಅನ್ನದಿರುವುದೇ ಅಲ್ಲಿನ ದೊಡ್ಡ ಬೈಗುಳ!

ಇಂತಹ ಶಿಸ್ತನ್ನು ಓದುವಾಗ ನನಗೆ ನಾಚಿಕೆಯಾಗುತ್ತದೆ. ಶುಚಿತ್ವ ವಿಶ್ವಾಸದ ಭಾಗವೆಂದು ಮದ್ರಸದ ಮಕ್ಕಳಿಂದ ಬಾಯಿಪಾಠ ಹೇಳಿಸುವ ನಮ್ಮ ಬೀದಿಗಳ ಸ್ಥಿತಿ ನಿಮಗೆ ಗೊತ್ತೇ ಇದೆ.

ಅಂತಹ ಊರುಗಳು ಇಂದು ಬರಿದಾಗುತ್ತಿವೆ. ಯುವಕರು ಪಟ್ಟಣ ಸೇರಿದ್ದಾರೆ, ಶಾಲೆಗಳು ಮುಚ್ಚುತ್ತಿವೆ. 2023ರ ಸರಕಾರಿ ಗಣತಿಯ ಪ್ರಕಾರ ಜಪಾನಿನಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿವೆ. ಆದ್ದರಿಂದ ಹೊರಗಿನವನು ಅವರಿಗೆ ಬೇಕು. ಆದರೆ ಅವನ ಕೈ ಬೇಕಾದಷ್ಟು ಅವನ ಬಾಯಿ ಬೇಕೇ?

ಸಿ.ಡಬ್ಲ್ಯು. ನಿಕೋಲ್ ಎಂಬವರ ಕಥೆ ನೋಡಿ. ವೇಲ್ಸ್ ದೇಶದಲ್ಲಿ 1940ರಲ್ಲಿ ಹುಟ್ಟಿದ ಅವರು 1962ರಲ್ಲಿ ಕರಾಟೆ ಕಲಿಯಲು ಜಪಾನಿಗೆ ಬಂದರು. 1980ರಲ್ಲಿ ನಗಾನೊ ಪ್ರಾಂತದ ಹಿಮ ಬೀಳುವ ಕುರೊಹಿಮೆಯಲ್ಲಿ ನೆಲೆಸಿದರು. ಪುರಾತನ ಕಾಡುಗಳನ್ನು ಕಡಿದು ಮಾರುವುದನ್ನು ಕಂಡು ಸುಮ್ಮನಿರಲಾಗದೆ ಸರಕಾರದ ಅರಣ್ಯ ನೀತಿಯನ್ನು ಬಹಿರಂಗವಾಗಿ ಟೀಕಿಸಿದರು. ಹೊರಗಿನವನು ಮನೆಯ ಯಜಮಾನನಿಗೇ ಬುದ್ಧಿ ಹೇಳಿದಂತಾಯಿತಲ್ಲ! ಆದರೆ ಅವರು ಟೀಕೆಯಲ್ಲೇ ನಿಲ್ಲಲಿಲ್ಲ. ತಮ್ಮ ದುಡಿಮೆಯ ಹಣದಿಂದ ಪಾಳುಬಿದ್ದ ಕಾಡನ್ನು ತುಂಡು ತುಂಡಾಗಿ ಕೊಂಡು, ಸ್ಥಳೀಯರೊಂದಿಗೆ ಸೇರಿ ಅದನ್ನು ಮತ್ತೆ ಬೆಳೆಸಿದರು. 1995ರಲ್ಲಿ ಜಪಾನಿನ ಪೌರರಾದರು, 2002ರಲ್ಲಿ ಆ ಕಾಡನ್ನು ಒಂದು ಪ್ರತಿಷ್ಠಾನಕ್ಕೆ ಒಪ್ಪಿಸಿದರು. 2016ರಲ್ಲಿ ಚಕ್ರವರ್ತಿ ದಂಪತಿಯೇ ಆ ಕಾಡನ್ನು ನೋಡಲು ಬಂದರು. 2020ರಲ್ಲಿ ನಿಕೋಲ್ ತೀರಿಕೊಂಡರು. ಮಾತಾಡುವ ಹಕ್ಕು ಅವರಿಗೆ ಎಲ್ಲಿಂದ ಬಂತು? ಪೌರತ್ವದ ಕಾಗದದಿಂದ ಅಲ್ಲ. ಅದಕ್ಕೆ ಮೊದಲೇ ಅವರು ಮಾತಾಡಿದ್ದರು. ಕಾಲುವೆಯ ಕೆಸರಿಗೆ ಕಾಲಿಟ್ಟವನು ಕಾಲುವೆಯ ಬಗ್ಗೆ ಮಾತಾಡಬಹುದು ಎಂಬುದು ನನ್ನ ಅಭಿಪ್ರಾಯ.

ಆದರೆ ಕೆಲವೊಮ್ಮೆ ಹೊರಗಿನವನು ಊರಿನ ಕಾಡಿಗಾಗಿ ಅಲ್ಲ, ತನಗಾಗಿಯೇ ಬಾಯಿ ತೆರೆಯಬೇಕಾಗುತ್ತದೆ. ಆಗ ಪರೀಕ್ಷೆ ಕಠಿಣವಾಗುತ್ತದೆ.

ಕ್ಯೂಶು ದ್ವೀಪದ ಒಯಿಟಾ ಪ್ರಾಂತದಲ್ಲಿ ಬಿಸಿನೀರ ಬುಗ್ಗೆಗಳ ಊರಾದ ಬೆಪ್ಪು ಇದೆ. 2000ದಲ್ಲಿ ಅಲ್ಲೊಂದು ಅಂತಾರಾಷ್ಟ್ರೀಯ ವಿಶ್ವವಿದ್ಯಾನಿಲಯ ತೆರೆದ ಮೇಲೆ ಅನೇಕ ದೇಶಗಳ ಮುಸ್ಲಿಮರು ಬಂದು ನೆಲೆಸಿದರು, ಮಸೀದಿಯೂ ಆಯಿತು. ಆದರೆ ಸತ್ತರೆ? ಜಪಾನಿನಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಶವಗಳನ್ನು ಸುಡುತ್ತಾರೆ. ಹೂಳುವುದಕ್ಕೆ ದೇಶದ ಕಾನೂನಿನ ತಡೆಯಿಲ್ಲ, ಆದರೆ ಸ್ಥಳೀಯಾಡಳಿತದ ಅನುಮತಿ ಬೇಕು. ಕ್ಯೂಶುವಿನಲ್ಲಿ ಮುಸ್ಲಿಮರದೇ ಆದ ಖಬರಸ್ತಾನವಿರಲಿಲ್ಲ. ಬೆಪ್ಪುವಿನ ಮುಸ್ಲಿಮ್ ಸಂಘವು ನೆರೆಯ ಹಿಜಿ ಪಟ್ಟಣದ ಗ್ರಾಮಭಾಗದಲ್ಲಿ ಜಮೀನು ಕೊಂಡಿತು. ಅಲ್ಲಿನ ರೈತರು ವಿರೋಧಿಸಿದರು. ಶವಗಳಿಂದ ತಮ್ಮ ನೀರು ಕೆಡುತ್ತದೆ, ಆ ನೀರಿನಿಂದ ಬೆಳೆದದ್ದನ್ನು ಯಾರು ಕೊಳ್ಳುತ್ತಾರೆ ಎಂಬುದು ಅವರ ಭಯ. ವರ್ಷಗಟ್ಟಲೆ ಮಾತುಕತೆ ನಡೆದು, ಕ್ರೈಸ್ತ ಸನ್ಯಾಸಿಗಳು ತಮ್ಮವರನ್ನು ಹೂಳುವ ಸ್ಮಶಾನದ ಬಳಿಯ ಪಟ್ಟಣದ ಜಮೀನಿನ ಬಗ್ಗೆ 2023ರಲ್ಲಿ ಆ ಗ್ರಾಮದವರೊಂದಿಗೆ ಒಪ್ಪಂದವೂ ಆಯಿತು. ಆದರೆ 2024ರ ಆಗಸ್ಟ್‌ನಲ್ಲಿ ನಡೆದ ಚುನಾವಣೆಯಲ್ಲಿ ಆ ಜಮೀನು ಮಾರುವುದನ್ನು ವಿರೋಧಿಸಿದ ಅಭ್ಯರ್ಥಿಯೇ ಮೇಯರ್ ಆಗಿ ಗೆದ್ದರು.

ಆ ರೈತರನ್ನು ಕೆಟ್ಟವರೆಂದು ಬಿಡುವುದು ಸುಲಭ. ನಾನು ಹಾಗೆನ್ನಲಾರೆ. ನೀರಿನ ಭಯ ಸುಳ್ಳು ಭಯವೇ ಆಗಿರಬೇಕೆಂದಿಲ್ಲ. ಬಾವಿ ಇರುವ ಯಾವ ಊರಿಗೂ ಆ ಭಯ ಅರ್ಥವಾಗುತ್ತದೆ. ಆದರೆ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಇದೇ ಜಪಾನಿನಲ್ಲಿ 1873ರಲ್ಲಿ ಸರಕಾರವು ಶವ ಸುಡುವುದನ್ನೇ ನಿಷೇಧಿಸಿ, 1875ರಲ್ಲಿ ಆ ನಿಷೇಧವನ್ನು ಹಿಂದೆಗೆದುಕೊಂಡಿತ್ತು. ಅದರ ನಂತರವೂ ಬಹುಕಾಲ ಹಳ್ಳಿಗಾಡಿನಲ್ಲಿ ಹೂಳುವುದು ಸಾಮಾನ್ಯವಾಗಿತ್ತು. ಇಂದು ಹೊರಗಿನದಾಗಿ ಕಾಣುವ ಪದ್ಧತಿ ನಿನ್ನೆ ಹಳ್ಳಿ ಹಳ್ಳಿಯಲ್ಲಿ ಒಳಗಿನದೇ ಆಗಿತ್ತು. ನಮ್ಮಲ್ಲಿ ಲಿಂಗಾಯತ ಬಂಧುಗಳೂ ಹೂಳುವುದರಿಂದ ಕನ್ನಡಿಗನಿಗೆ ಇದರಲ್ಲಿ ಅಚ್ಚರಿಯಿಲ್ಲ. ಕಾಣದೆ ಹೋದದ್ದಕ್ಕೆ ಮನುಷ್ಯ ಹೆದರುತ್ತಾನೆ, ಅಷ್ಟೇ.

ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೆಯ ಸೂಕ್ತವು ಒಳಿತು ಮಾಡಬೇಕಾದವರ ಸಾಲಿನಲ್ಲಿ ಬಂಧುವಾದ ನೆರೆಯವನ ಜೊತೆಗೇ ಅಪರಿಚಿತನಾದ ನೆರೆಯವನನ್ನೂ ಬೇರೆಯಾಗಿ ಹೆಸರಿಸುತ್ತದೆ. ಬೇರೆಯಾಗಿ ಏಕೆ ಹೇಳಬೇಕಿತ್ತು? ನೆರೆಯವನು ಎಂದೊಡನೆ ನಮ್ಮ ಮನಸ್ಸು ನಮ್ಮಂತಹವನನ್ನೇ ನೆನೆಯುತ್ತದೆ ಎಂಬ ಕಾರಣಕ್ಕಿರಬಹುದು. ಈ ಸೂಕ್ತವನ್ನು ಹಿಜಿಯ ರೈತರಿಗೆ ಓದಿ ಹೇಳಲು ನಮಗೆ ಬಹಳ ಉತ್ಸಾಹ. ಆದರೆ ಅದು ಇಳಿದದ್ದು ಮೊದಲು ನಮಗೆ.

ಕೆಲವು ವರ್ಷಗಳ ಹಿಂದೆ ನಾನು ಕಲಿಸುತ್ತಿದ್ದ ಊರೊಂದರಲ್ಲಿ ಕಟ್ಟಡ ಕೆಲಸಕ್ಕೆ ಬಂದಿದ್ದ ಬಂಗಾಳದ ಕೂಲಿಯೊಬ್ಬ ತೀರಿಕೊಂಡ. ಅವನ ಹೆಸರು ಜಮಾಅತಿನ ಪುಸ್ತಕದಲ್ಲಿರಲಿಲ್ಲ. ವಂತಿಗೆ ಕಟ್ಟದವನಿಗೆ ಖಬರಸ್ತಾನದಲ್ಲಿ ಜಾಗ ಕೊಟ್ಟರೆ ನಾಳೆ ಎಲ್ಲರೂ ಬರುತ್ತಾರೆ ಎಂಬ ಚರ್ಚೆ ಅಸರ್ ನಮಾಝಿನಿಂದ ಮಗ್ರಿಬ್‌ವರೆಗೂ ನಡೆಯಿತು. ಮಯ್ಯಿತ್ ಹೊರಗೆ ಕಾಯುತ್ತಿತ್ತು. ನಾನು ಕೈಕಟ್ಟಿ ನಿಂತಿದ್ದೆ. ಆ ಊರಿಗೆ ಬಂದು ಎರಡೇ ವರ್ಷ, ನಾನೂ ಹೊರಗಿನವನು, ನನಗೇಕೆ ಉಸಾಬರಿ ಎಂದು ಬಾಯಿ ಮುಚ್ಚಿಕೊಂಡೆ. ಕೊನೆಗೆ ವೃದ್ಧರೊಬ್ಬರು ಎದ್ದು, ತಮ್ಮ ಪತ್ನಿಯ ಖಬರಿನ ಪಕ್ಕ ತಮಗೆಂದು ಬಿಟ್ಟುಕೊಂಡಿದ್ದ ಜಾಗವನ್ನು ತೋರಿಸಿ, 'ಇಲ್ಲಿ ಅಗೆಯಿರಿ' ಎಂದರು. ನಂತರ ನನ್ನತ್ತ ತಿರುಗಿ, 'ಉಸ್ತಾದರೇ, ಕತ್ತಲಾಯಿತು, ಆ ದೀಪವನ್ನಾದರೂ ಹಿಡಿಯಿರಿ' ಎಂದರು.