ಹೊರುವ ಹೆಗಲು

ಕೈವಾರವೇ ಏಕಚಕ್ರಪುರ ಎಂಬುದು ನಮ್ಮ ಸೀಮೆಯವರ ನಂಬಿಕೆ. ಅಲ್ಲಿಗೆ ಬರುವ ಮುನ್ನ, ಅರಗಿನ ಮನೆಯಿಂದ ಪಾರಾದ ಭೀಮ ಕುಂತಿಯನ್ನು ಹೆಗಲ ಮೇಲೆ ಹೊತ್ತು ನಡೆದನಂತೆ. ಹೊತ್ತವನು ಮಗ, ಆಕೆಗೇನು ಸಂಕೋಚ?

ನಡೆಯಲಾಗದ ಹೆಣ್ಣೊಬ್ಬಳು ಕಚೇರಿಯ ಮೆಟ್ಟಿಲ ಬಳಿ ಬಂದಾಗ ಹಾಗಲ್ಲ. ‘ಬಾಮ್ಮ, ಎತ್ಕೊಂಡೋಗ್ತೀವಿ’ ಎಂದು ಗುರುತಿಲ್ಲದ ಗಂಡಸರು ಕಂಕುಳಿಗೆ ಕೈಹಾಕುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ಜಾರಿದ ಸೆರಗನ್ನು ಸರಿಪಡಿಸಿಕೊಳ್ಳಲೂ ಆಗದೆ ಮೇಲೆ ತಲುಪಿದವಳು ಥ್ಯಾಂಕ್ಸ್ ಬೇರೆ ಹೇಳಬೇಕು! ಬೇಡವೆಂದರೆ ಜಂಬದವಳು. ಹೀಗೆ ಬೇಡವೆನ್ನಲು ಬಿಡದ ಉಪಕಾರಕ್ಕೆ ದಯೆಯೆಂಬ ಹೆಸರು ಒಪ್ಪುತ್ತದೆಯೆ?

2016ರ ಕಾಯಿದೆ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾಡಲು ನಿಯಮ ಬಂದಂದಿನಿಂದ ಐದು ವರ್ಷ ಕೊಟ್ಟಿತು. ನಿಯಮ 2017ರಲ್ಲಿ ಬಂತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಇದು ಬರಿಯ ಸಲಹೆಯಾದರೆ ಸಾಲದು, ಕಡ್ಡಾಯವಾಗಬೇಕೆಂದಿತು. ಇಳಿಜಾರೊಂದಿದ್ದರೆ ಆಕೆ ಸೆರಗು ಸಿಕ್ಕಿಸಿ, ತನ್ನ ಗಾಲಿಕುರ್ಚಿ ತಾನೇ ತಳ್ಳಿಕೊಂಡು, ಅರ್ಜಿ ಕೊಟ್ಟು ಬರುತ್ತಾಳೆ.